ನನ್ನ ಪಚ್ಚೆ ಉಂಗುರ

ನಿಶ್ಚಿತಾರ್ಥಕ್ಕೆ ವಜ್ರ ಬೇಡ, ಪಚ್ಚೆಯೇ ಬೇಕು ಅಂತ ನಾನು ಮೊದಲೇ ಹೇಳಿದ್ದೆ. ಮಳೆ ನಿಂತ ಮೇಲೆ ಕಾಫಿ ಎಲೆ ಹೊಳೆಯುತ್ತದಲ್ಲ, ಆ ಹಸಿರು. ಬುಧನ ಕಲ್ಲು, ಜಾತಕ ತೋರಿಸೋಣ ಅಂದರು ಅಮ್ಮ. ತೋರಿಸಿದೆವು.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಲೆನ್ಸ್ ಹಿಡಿದು ನೋಡಿದೆ. ಕಲ್ಲಿನೊಳಗೆ ಪಾಚಿಯಂಥ ಗೆರೆಗಳು! ಗಾಬರಿಯಾಯಿತು. ಆದರೆ ನಿಜವಾದ ಪಚ್ಚೆಯಲ್ಲಿ ಅವು ಸಾಮಾನ್ಯ. ಸಣ್ಣ ಬಿರುಕು ಕಾಣದಿರಲಿ ಅಂತ ಹೆಚ್ಚಿನ ಕಲ್ಲುಗಳಿಗೆ ಎಣ್ಣೆ ತುಂಬಿರುತ್ತಾರೆ. ಹಾಗಾಗಿ ಬಿಸಿನೀರು, ಅಲ್ಟ್ರಾಸಾನಿಕ್ ಕ್ಲೀನಿಂಗ್ (ಶಬ್ದತರಂಗದ ಕಂಪನದಿಂದ ತೊಳೆಯುವುದು) ಎರಡೂ ಬೇಡ. ಕಲ್ಲಿನ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಪಚ್ಚೆ 7.5ರಿಂದ 8, ವಜ್ರ 10. ಪೆಟ್ಟು ಬಿದ್ದರೆ ಪಚ್ಚೆಯ ಅಂಚು ಒಡೆಯಬಹುದು.

ನಾನು ತೋಟದಲ್ಲಿ ಕೆಲಸ ಮಾಡುವವಳು, ಅಲ್ವಾ? ಅದಕ್ಕೇ ಕಲ್ಲಿನ ಸುತ್ತ ಪೂರ್ತಿ ಚಿನ್ನದ ಅಂಚು ಕಟ್ಟಿಸಿದೆ. ಕಾಫಿ ಹಣ್ಣು ಕುಯ್ಯುವ ದಿನ ಉಂಗುರ ಅಮ್ಮನ ಕುಂಕುಮದ ಡಬ್ಬಿಯ ಪಕ್ಕ ಇರುತ್ತದೆ.