ಆ ಗೆರೆ ಏನು ಹೇಳುತ್ತದೆ: ಚೀನೀ ಕುಸ್ತಿಯ ಗುರುಪರಂಪರೆ ಬರೆಯುವ ಕೆಲಸ

ಸಮರಕಲೆಗಳ ಗುರುಪರಂಪರೆಯನ್ನು ಪರಿಶೀಲಿಸಿ ಕನ್ನಡಕ್ಕೆ ತರುವ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವುದು ಒಂದು ಸಣ್ಣ ಗೆರೆಯಲ್ಲಿ. ಮೇಲೆ ಗುರುವಿನ ಹೆಸರು, ಕೆಳಗೆ ಶಿಷ್ಯನ ಹೆಸರು, ನಡುವೆ ಒಂದು ಗೆರೆ. ಮಗನಂತೆ ಹತ್ತು ವರ್ಷ ಇಟ್ಟುಕೊಂಡು ಕಲಿಸಿದ್ದಕ್ಕೂ ಅದೇ ಗೆರೆ, ಕ್ರೀಡಾಶಾಲೆಯಲ್ಲಿ ಎರಡು ಬೇಸಿಗೆ ತರಬೇತಿ ಕೊಟ್ಟದ್ದಕ್ಕೂ ಅದೇ ಗೆರೆ. ಶ್ವಾಯ್‌ಜಿಯಾವ್ ವಿಷಯದಲ್ಲಿ ಇದರಿಂದ ಆಗುವ ಹಾನಿ ದೊಡ್ಡದು. ದಪ್ಪ ಅಂಗಿ ತೊಟ್ಟು, ಆ ಅಂಗಿಯನ್ನೇ ಹಿಡಿದು ಎದುರಾಳಿಯನ್ನು ಕೆಡವುವ ಈ ಚೀನೀ ಕುಸ್ತಿ ಅರಮನೆಯ ದಂಡಿನಲ್ಲಿ, ಸಂತೆಬಯಲಿನಲ್ಲಿ, ಸರ್ಕಾರಿ ಅಕಾಡೆಮಿಯಲ್ಲಿ, ಕೊನೆಗೆ ಕ್ರೀಡಾ ಇಲಾಖೆಯಲ್ಲಿ ಬೆಳೆದದ್ದು. ಒಂದೊಂದು ಕಡೆ ‘ಕಲಿಸಿದರು’ ಎಂಬ ಮಾತಿನ ಅರ್ಥ ಬೇರೆ.

ಮೊದಲು ದಂಡಿನ ಮಾತು. ಚಿಂಗ್ ಚಕ್ರವರ್ತಿ ಕಾಂಗ್‌ಶಿ 1669ರಲ್ಲಿ ತನ್ನ ಮೇಲೇ ಸವಾರಿ ಮಾಡುತ್ತಿದ್ದ ರಾಜಪ್ರತಿನಿಧಿ ಓಬೋಯ್‌ನನ್ನು ಸೆರೆ ಹಿಡಿಸಿದ್ದು ಕುಸ್ತಿ ಆಡುವ ಹುಡುಗರ ಕೈಯಿಂದ. ಆ ರಾಜಾಶ್ರಯದಲ್ಲಿ ಬೆಳೆದದ್ದು ಶಾನ್‌ಪುಯಿಂಗ್ ಎಂಬ ಕುಸ್ತಿಪಟುಗಳ ದಳ. ಅಲ್ಲಿಯ ಪಟುವನ್ನು ಮಂಚು ಭಾಷೆಯಲ್ಲಿ ‘ಬುಕು’ ಎನ್ನುತ್ತಿದ್ದರು. ಮಂಗೋಲರ ‘ಬೋಖ್’ ಪದಕ್ಕೆ ಇದು ನೆಂಟ. ಬುಕುಗಳಲ್ಲಿ ಒಂದು, ಎರಡು, ಮೂರು ಎಂದು ದರ್ಜೆಗಳಿದ್ದವು, ದರ್ಜೆಗೆ ತಕ್ಕ ಸಂಬಳವಿತ್ತು. ಇದು ನೌಕರಿ. ಒಬ್ಬ ಬುಕುವಿಗೆ ದಳದಲ್ಲಿ ಹಲವು ಹಿರಿಯರು ಕಲಿಸುತ್ತಿದ್ದರು. ಹಾಗಾಗಿ ದಳದ ಕಾಲಕ್ಕೆ ಒಬ್ಬ ಗುರುವಿನ ಹೆಸರಿಗೆ ಗೆರೆ ಎಳೆಯುವ ಮುನ್ನ ಆಧಾರ ಕೇಳಬೇಕು. ಆಧಾರ ಸಿಗದಿದ್ದರೆ ‘ಶಾನ್‌ಪುಯಿಂಗ್’ ಎಂಬ ಸಂಸ್ಥೆಯ ಪೆಟ್ಟಿಗೆಯಿಂದಲೇ ಗೆರೆ ಇಳಿಯಲಿ.

ದಳದವರ ಆಟಕ್ಕೆ ‘ಗ್ವಾನ್‌ಜಿಯಾವ್’, ಅಂದರೆ ಸರ್ಕಾರಿ ಕುಸ್ತಿ, ಎಂದೂ ಹೊರಗಿನ ಗರಡಿಗಳದ್ದಕ್ಕೆ ‘ಸಿಜಿಯಾವ್’, ಖಾಸಗಿ ಕುಸ್ತಿ, ಎಂದೂ ಹೆಸರು. ದಳಕ್ಕೆ ಸೇರಬೇಕೆಂದು ಖಾಸಗಿ ಬಯಲಿನಲ್ಲಿ ಕಲಿತವರೂ ಇದ್ದರು. 1911ರ ಕ್ರಾಂತಿಯೊಂದಿಗೆ ರಾಜವಂಶ ಬಿತ್ತು, ದಳವೂ ಚದುರಿತು. ಸಂಬಳ ನಿಂತ ಬುಕುಗಳು ಹೊರಗಿನವರಿಗೆ ಕಲಿಸತೊಡಗಿದರು. ಬೀಜಿಂಗ್‌ನಲ್ಲಿ ವಾನ್ ಯೋಂಗ್‌ಶುನ್ ಅಂಥವರು. ಇಲ್ಲಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ: 1900ರ ನಂತರ ಹುಟ್ಟಿದವರನ್ನು ‘ದಳದ ದರ್ಜೆಯ ಬುಕು’ ಎಂದು ಯಾವ ಪಟ್ಟಿ ಹೇಳಿದರೂ ಆ ಸಾಲನ್ನು ತಡೆಹಿಡಿಯಿರಿ. 1911ರಲ್ಲಿ ಅವರಿಗೆ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಅವರು ಬುಕುವಿನ ಶಿಷ್ಯರಾಗಿರಬಹುದು, ಬುಕುವಲ್ಲ.

ವಾನ್ ಯೋಂಗ್‌ಶುನ್ ಅವರನ್ನು ಜನ ಕರೆಯುತ್ತಿದ್ದದ್ದು ‘ವಾನ್ ಬಾ ಯೆ’ ಎಂದು. ‘ಬಾ’ ಅಂದರೆ ಎಂಟು. ತಿಯಾನ್‌ಚಿಯಾವ್ ಬಯಲಿನ ಇಬ್ಬರು ಹೆಸರಾಂತ ಪಟುಗಳು ಶೆನ್ ಸಾನ್ ಮತ್ತು ಬಾವ್ ಸಾನ್. ‘ಸಾನ್’ ಅಂದರೆ ಮೂರು. ಈ ಅಂಕಿಗಳನ್ನು ನೋಡಿ ‘ಎಂಟನೇ ತಲೆಮಾರು’, ‘ಮೂರನೇ ತಲೆಮಾರು’ ಎಂದು ಬರೆದುಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಅದು ಮನೆಯಲ್ಲಿ ಹುಟ್ಟಿದ ಕ್ರಮ, ಅಷ್ಟೇ. ಬಾವ್ ಸಾನ್ ಅವರ ನಿಜ ಹೆಸರು ಬಾವ್ ಶಾನ್‌ಲಿನ್. ಅವರು ವಾನ್ ಅವರ ಶಿಷ್ಯರು. ಮೂರನೆಯವನು ಎಂಟನೆಯವನ ಶಿಷ್ಯನಾದದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಿಯಾನ್‌ಚಿಯಾವ್ ಬೀಜಿಂಗ್‌ನ ದಕ್ಷಿಣ ಭಾಗದ ಸಂತೆಬಯಲು. ಸುತ್ತ ನಿಂತ ಜನ ಕಾಸು ಎಸೆದರೆ ಊಟ. ಆದ್ದರಿಂದ ಅಲ್ಲಿಯ ಕುಸ್ತಿಯಲ್ಲಿ ಪಟ್ಟಿನ ಜೊತೆಗೆ ಮಾತೂ ಇತ್ತು, ನಗಿಸುವುದೂ ಇತ್ತು. ಅದನ್ನು ‘ಕೈಕಾಲಿನ ಹಾಸ್ಯಸಂಭಾಷಣೆ’ ಎಂಬರ್ಥದ ಮಾತಿನಿಂದಲೇ ಗುರುತಿಸುತ್ತಾರೆ. ಬಾವ್ ಶಾನ್‌ಲಿನ್ ಎತ್ತರದ ಬಿದಿರಿನ ಧ್ವಜಸ್ತಂಭವನ್ನು ಹಣೆ, ಭುಜ, ಮೊಣಕೈ ಮೇಲೆ ನಿಲ್ಲಿಸುವ ಝೋಂಗ್‌ಫಾನ್ ವಿದ್ಯೆಗೂ ಅಷ್ಟೇ ಹೆಸರಾದವರು. ಪಟ್ಟಿ ಮಾಡುವವರು ಇದರಿಂದ ಎರಡು ಎಚ್ಚರ ಕಲಿಯಬೇಕು. ‘ತಿಯಾನ್‌ಚಿಯಾವ್‌ನಲ್ಲಿ ಇಂಥವರು ಇಂಥವರನ್ನು ಕೆಡವಿದರು’ ಎಂಬ ಮಾತು ಸ್ಪರ್ಧೆಯ ಫಲಿತಾಂಶ ಆಗಬೇಕೆಂದಿಲ್ಲ, ಆಟ ರಂಗೇರಲು ಬಿದ್ದಿರಲೂಬಹುದು. ಜೊತೆಗೆ, ಅವರ ಶಿಷ್ಯರಲ್ಲಿ ಸ್ತಂಭ ಕಲಿತವರು ಯಾರು, ಕುಸ್ತಿ ಕಲಿತವರು ಯಾರು ಎಂಬುದನ್ನು ಬೇರೆ ಮಾಡಿ ಕೇಳಬೇಕು.

ಇನ್ನು ಬಾವ್‌ಡಿಂಗ್. ಹೆಸರಿನ ಕಾಗುಣಿತವೇ ಇತಿಹಾಸವನ್ನು ಕೆಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬೀಜಿಂಗ್‌ನಿಂದ ನೈಋತ್ಯಕ್ಕೆ ಸುಮಾರು 150 ಕಿ.ಮೀ. ದೂರದ ಈ ಊರಿನ ‘ವೇಗದ ಕುಸ್ತಿ’ಯ ಪ್ರಸಿದ್ಧ ಸಾಲು ಪಿಂಗ್ ಜಿಂಗ್‌ಯಿ, ಅವರ ಶಿಷ್ಯ ಜಾಂಗ್ ಫೆಂಗ್‌ಯಾನ್, ಅವರ ಶಿಷ್ಯ ಛಾಂಗ್ ಡೊಂಗ್‌ಶೆಂಗ್. ಕೊನೆಯವರು 1908ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡವರು, ‘ಹೂವಿನ ಚಿಟ್ಟೆ’ ಎಂಬ ಬಿರುದಿನವರು, 1933ರಲ್ಲಿ ನಾಂಜಿಂಗ್‌ನ ರಾಷ್ಟ್ರೀಯ ಸ್ಪರ್ಧೆ ಗೆದ್ದವರು. ಗುರುವಿನ ಮನೆತನದ ಹೆಸರು ಬೇರೆ, ಶಿಷ್ಯನದ್ದು ಬೇರೆ, ಬರೆಯುವ ಅಕ್ಷರವೂ ಬೇರೆ. ಆದರೆ ಹಳೆಯ ವೇಡ್–ಜೈಲ್ಸ್ ರೋಮನ್ ಪದ್ಧತಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದೇ ಒಂದು ಮೇಲುಚುಕ್ಕಿ. ಅಚ್ಚುಮನೆಯಲ್ಲಿ ಆ ಚುಕ್ಕಿ ಬಿದ್ದುಹೋದರೆ ಇಬ್ಬರೂ ‘ಚಾಂಗ್’ ಆಗುತ್ತಾರೆ. ಓದಿದವರು ಅಪ್ಪ–ಮಗ ಎಂದೋ ಚಿಕ್ಕಪ್ಪ–ಮಗ ಎಂದೋ ತಿಳಿದು ಗುರುಪರಂಪರೆಯನ್ನು ವಂಶಾವಳಿ ಮಾಡಿಬಿಡುತ್ತಾರೆ.

ಇಲ್ಲಿ ಕನ್ನಡ ಲಿಪಿ ನಮ್ಮ ಕೈ ಹಿಡಿಯುತ್ತದೆ, ಏಕೆಂದರೆ ಆ ಚುಕ್ಕಿ ಸೂಚಿಸುವುದು ಮಹಾಪ್ರಾಣವನ್ನೇ. ಶಿಷ್ಯನನ್ನು ‘ಛಾಂಗ್’ ಎಂದೂ ಗುರುವನ್ನು ‘ಜಾಂಗ್’ ಎಂದೂ ಮೊದಲ ಪುಟದಲ್ಲೇ ಗೊತ್ತುಮಾಡಿಕೊಂಡು ಕೊನೆಯವರೆಗೂ ಪಾಲಿಸಿ. ‘ತುಂಗ್ ಶೆಂಗ್’ ಎಂದು ಹಳೆಯ ಕಾಗುಣಿತದಲ್ಲಿ ಕಂಡವರೂ ‘ಡೊಂಗ್‌ಶೆಂಗ್’ ಎಂದು ಹೊಸದರಲ್ಲಿ ಕಂಡವರೂ ಒಬ್ಬರೇ. ಎರಡು ಪೆಟ್ಟಿಗೆ ಹಾಕಬೇಡಿ. ಅವರ ಸಹೋದರರೂ ಕುಸ್ತಿಯವರು, ಹೆಸರಿನ ಮೊದಲ ಅಕ್ಷರ ಅವರಿಗೂ ‘ಡೊಂಗ್’. ‘ಛಾಂಗ್ ಡೊಂಗ್’ ಎಂದು ಅರ್ಧ ಓದಿ ಮುಂದೆ ಹೋದರೆ ತಮ್ಮನ ಶಿಷ್ಯ ಅಣ್ಣನ ಪಾಲಿಗೆ ಬೀಳುತ್ತಾನೆ.

ಕಲೆಯ ಹೆಸರಿನಲ್ಲೂ ಒಂದು ಸುಳಿವಿದೆ. ‘ಜಿಯಾವ್’ ಎಂಬುದನ್ನು ‘ಕೊಂಬು’ ಎಂಬರ್ಥದ ಅಕ್ಷರದಲ್ಲಿ ಬರೆದಿದ್ದರೆ ಆ ಬರಹ ಬಹುಮಟ್ಟಿಗೆ 1949ಕ್ಕೆ ಹಿಂದಿನದು ಅಥವಾ ತೈವಾನ್‌ನದು. ಎಡಕ್ಕೆ ಪಾದದ ಗುರುತಿರುವ ಅಕ್ಷರವಾದರೆ ಮುಖ್ಯಭೂಮಿಯ ಈಚಿನ ಬರಹ. ಊರಿನ ಹೆಸರು ‘ಬೇಪಿಂಗ್’ ಎಂದಿದ್ದರೆ ಅದು ಬೀಜಿಂಗ್‌ಗೆ 1928ರಿಂದ 1949ರವರೆಗೆ ಇದ್ದ ಹೆಸರು. ವರ್ಷಗಳನ್ನು ಪರಿವರ್ತಿಸುವಾಗ ಗಣರಾಜ್ಯದ ವರ್ಷಕ್ಕೆ 1911 ಕೂಡಿಸಬೇಕು: 22ನೇ ವರ್ಷ ಅಂದರೆ 1933. ಗ್ವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯ ವರ್ಷಕ್ಕೆ 1874 ಕೂಡಿಸಬೇಕು: 34ನೇ ವರ್ಷ ಅಂದರೆ 1908. ವಯಸ್ಸು ಹಳೆಯ ಎಣಿಕೆಯಲ್ಲಿದ್ದರೆ ಹುಟ್ಟಿದ ದಿನವೇ ಒಂದು, ಹೊಸ ವರ್ಷ ಬಂದಾಗ ಇನ್ನೊಂದು. ಹಾಗಾಗಿ ಅದರಿಂದ ಒಂದು, ಕೆಲವೊಮ್ಮೆ ಎರಡು ಕಳೆಯಬೇಕು. ಇದನ್ನು ಮರೆತರೆ ಗುರು ಊರು ಬಿಟ್ಟ ಮೇಲೆ ಶಿಷ್ಯ ಸೇರಿದಂತೆ ಕಾಣುತ್ತದೆ, ಸರಿಯಾದ ಸಾಲನ್ನೇ ಸುಳ್ಳೆಂದು ಹೊಡೆದುಹಾಕುತ್ತೇವೆ.

ಈಗ ಗೆರೆಯ ಬಗೆಗಳಿಗೆ ಬರೋಣ. ವಿಧಿವತ್ತಾಗಿ ಶಿಷ್ಯನಾಗುವುದಕ್ಕೆ ‘ಬೈಶಿ’ ಎನ್ನುತ್ತಾರೆ. ಶಿಷ್ಯ ಒಂದು ವಿನಂತಿಪತ್ರ ಬರೆದು ಒಪ್ಪಿಸುತ್ತಾನೆ: ಹೆಸರು, ಹುಟ್ಟಿದ ದಿನ, ಊರು, ನಡೆದುಕೊಳ್ಳುವ ರೀತಿಯ ವಚನ. ಪರಿಚಯಿಸಿದವರು, ಹೊಣೆ ನಿಂತವರು ಸಾಕ್ಷಿಯಾಗಿರುತ್ತಾರೆ. ಆಮೇಲೆ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ. ಆ ಪತ್ರದ ಪ್ರತಿ ಸಿಕ್ಕರೆ ಅದೇ ಮೊದಲ ದರ್ಜೆಯ ಆಧಾರ, ಏಕೆಂದರೆ ಅದರಲ್ಲಿ ದಿನಾಂಕವೂ ಸಾಕ್ಷಿಗಳ ಹೆಸರೂ ಇರುತ್ತವೆ. ಗುರುವಿನ ಪಕ್ಕ ನಿಂತ ಫೋಟೊ ಯಾವ ದರ್ಜೆಗೂ ಬರುವುದಿಲ್ಲ. ಒಂದು ವಾರದ ಶಿಬಿರಕ್ಕೆ ಹೋದವರಿಗೂ ಅಂಥ ಫೋಟೊ ಸಿಗುತ್ತದೆ.

ಹಿರಿತನ ನಿಲ್ಲುವುದು ವಯಸ್ಸಿನ ಮೇಲಲ್ಲ, ಈ ವಿಧಿಯ ದಿನಾಂಕದ ಮೇಲೆ. ಐವತ್ತರವರು ಮೂವತ್ತರವರಿಗೆ ಕಿರಿಯ ಗುರುಬಂಧುವಾಗಿರಬಹುದು. ಬೇರೆಡೆ ಕಲಿತು ಬಂದವರನ್ನು ‘ವಿದ್ಯೆ ಹೊತ್ತು ಬಂದ ಶಿಷ್ಯ’ ಎಂದು ಪ್ರತ್ಯೇಕವಾಗಿ ಹೇಳುತ್ತಾರೆ. ಅಂಥವರಿಗೆ ಎರಡು ಗೆರೆ ಬೇಕು. ಗುರು ತೀರಿಕೊಂಡ ಮೇಲೆ ಹಿರಿಯ ಶಿಷ್ಯನೇ ಗುರುವಿನ ಪರವಾಗಿ ಹೊಸಬನನ್ನು ಸೇರಿಸಿಕೊಳ್ಳುವ ಪದ್ಧತಿಯೂ ಇದೆ. ಆಗ ಹೊಸಬ ಸತ್ತ ಗುರುವಿನ ಶಿಷ್ಯ, ಆದರೆ ಕಲಿಸಿದ್ದು ಗುರುಬಂಧು. ಪಟ್ಟಿಯಲ್ಲಿ ಗುರುವಿನ ಮರಣದ ನಂತರ ಹುಟ್ಟಿದ ಶಿಷ್ಯ ಕಂಡರೆ ಮೋಸ ಎಂದು ಕೂಗುವ ಮುನ್ನ ಇದನ್ನು ವಿಚಾರಿಸಬೇಕು. ನಾವು ಇಂಥಲ್ಲಿ ಸತ್ತ ಗುರುವಿನಿಂದ ಚುಕ್ಕಿಗೆರೆಯನ್ನೂ ಕಲಿಸಿದವರಿಂದ ಪೂರ್ಣ ಗೆರೆಯನ್ನೂ ಎಳೆಯುತ್ತೇವೆ.

‘ಬಾಗಿಲು ಮುಚ್ಚಿದ ಶಿಷ್ಯ’ ಎಂಬ ಮಾತು ಕನ್ನಡಕ್ಕೆ ತರುವಾಗ ಎಡವಿಸುತ್ತದೆ. ರಹಸ್ಯವಾಗಿ ಕಲಿತವನು ಎಂದಲ್ಲ ಅದರ ಅರ್ಥ. ಇನ್ನು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಗುರು ಬಾಗಿಲು ಹಾಕುವಾಗ ಒಳಗಿದ್ದ ಕೊನೆಯವನು. ‘ಕಡೆಯ ಶಿಷ್ಯ’ ಎಂದು ಬರೆದರೆ ಸಾಕು. ಒಬ್ಬರಿಗಿಂತ ಹೆಚ್ಚು ಜನ ಈ ಪಟ್ಟ ಹೇಳಿಕೊಂಡರೆ ವಿಧಿಯ ದಿನಾಂಕ ನೋಡಿ.

1928ರಲ್ಲಿ ನಾಂಜಿಂಗ್‌ನಲ್ಲಿ ಕೇಂದ್ರ ಗ್ವೋಶು (ಅಂದರೆ ರಾಷ್ಟ್ರೀಯ ಸಮರಕಲೆ) ಅಕಾಡೆಮಿ ಶುರುವಾದ ಮೇಲೆ ಒಬ್ಬ ವಿದ್ಯಾರ್ಥಿಗೆ ನಾಲ್ಕಾರು ಶಿಕ್ಷಕರು, ವೇಳಾಪಟ್ಟಿ, ಪರೀಕ್ಷೆ ಎಲ್ಲ ಬಂತು. ಛಾಂಗ್ ಡೊಂಗ್‌ಶೆಂಗ್ 1940ರ ದಶಕದ ಕೊನೆಗೆ ತೈವಾನ್‌ಗೆ ಹೋಗಿ ಅಲ್ಲಿಯ ಕೇಂದ್ರ ಪೊಲೀಸ್ ಕಾಲೇಜಿನಲ್ಲಿ ದಶಕಗಳ ಕಾಲ ಕಲಿಸಿದರು. ಅಲ್ಲಿ ಕೋರ್ಸಿನ ಭಾಗವಾಗಿ ಕಲಿತ ಪೊಲೀಸ್ ಕೆಡೆಟ್‌ಗಳು ವಿದ್ಯಾರ್ಥಿಗಳು. ಮನೆಯ ಶಿಷ್ಯರು ಬೇರೆ. ಇಬ್ಬರಿಗೂ ಗೌರವ ಇದೆ, ಗೆರೆ ಮಾತ್ರ ಒಂದೇ ಅಲ್ಲ. ಛಾಂಗ್ ಅವರು ಶಿಂಗ್‌ಯಿ, ತೈಚಿ ಎಂಬ ಬೇರೆ ಸಮರಕಲೆಗಳನ್ನು ಬಲ್ಲವರೂ ಹೌದು, ತಮ್ಮದೇ ತೈಚಿ ಪದ್ಧತಿ ಕಟ್ಟಿದವರು. ಅವರ ಬಳಿ ತೈಚಿ ಮಾತ್ರ ಕಲಿತವರನ್ನು ಕುಸ್ತಿಯ ಪಟ್ಟಿಗೆ ಎಳೆದು ತರಬಾರದು.

ಮುಖ್ಯಭೂಮಿಯಲ್ಲಿ 1957ರ ಹೊತ್ತಿಗೆ ಸರ್ಕಾರಿ ಸ್ಪರ್ಧಾ ನಿಯಮಗಳು ಬಂದವು, 1959ರ ಮೊದಲ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಚೀನೀ ಕುಸ್ತಿ ಇತ್ತು. ಪ್ರಾಂತ್ಯದ ತಂಡಗಳಲ್ಲಿ ಕೋಚ್ ಬದಲಾಗುತ್ತಿದ್ದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1966ರಿಂದ 1976ರವರೆಗೆ, ಬೈಶಿ ಎಂದರೆ ಪಾಳೇಗಾರಿ ಪದ್ಧತಿ ಎಂಬ ಆರೋಪವಿತ್ತು, ಬಹಿರಂಗವಾಗಿ ಮಾಡುವಂತಿರಲಿಲ್ಲ. ಹೀಗಾಗಿ ಐವತ್ತರ ದಶಕದಲ್ಲಿ ಕಲಿತವರು ಎಂಬತ್ತರ ದಶಕದಲ್ಲಿ ವಿಧಿ ಮಾಡಿಸಿಕೊಂಡಿರುವುದು ಉಂಟು. ಅದಕ್ಕೇ ಹಾಳೆಯಲ್ಲಿ ‘ಕಲಿತ ವರ್ಷಗಳು’ ಒಂದು ಕಾಲಂ, ‘ವಿಧಿಯ ವರ್ಷ’ ಇನ್ನೊಂದು ಕಾಲಂ. ಇವೆರಡನ್ನು ಒಂದೇ ಮಾಡಿದ ದಿನ ಪಟ್ಟಿ ಕೆಡುತ್ತದೆ.

ಹೆಸರು, ವರ್ಷ ಎರಡೂ ಸಾಲದಾದಾಗ ಆಟವನ್ನೇ ನೋಡಬೇಕು. ಅಂಗಿಗೆ ‘ದಾಲಿಯಾನ್’ ಎನ್ನುತ್ತಾರೆ: ತೋಳು ಗಿಡ್ಡ, ಮುಂದೆ ತೆರೆದದ್ದು, ಹತ್ತಿಬಟ್ಟೆಯ ಪದರಗಳನ್ನು ಒತ್ತಾಗಿ ಹೊಲಿದದ್ದು, ಸೊಂಟಕ್ಕೆ ಪಟ್ಟಿ. ಎರಡು ಪಾದ ಬಿಟ್ಟು ಮೈಯ ಬೇರೆ ಯಾವ ಜಾಗ ನೆಲ ಮುಟ್ಟಿದರೂ ಸೋಲು. ನೆಲದ ಮೇಲೆ ಹೊರಳಾಡಿ ಚಿತ್ತು ಮಾಡುವುದು ಇಲ್ಲಿಲ್ಲ. ಹಳೆಯ ರೂಢಿಯಲ್ಲಿ ಮೂರರಲ್ಲಿ ಎರಡು ಗೆದ್ದವನದು ಗೆಲುವು. ಬಾವ್‌ಡಿಂಗ್‌ನವರು ತಮ್ಮ ಆಟವನ್ನು ಮೂರು ಮಾತಿನಲ್ಲಿ ಹೇಳುತ್ತಾರೆ. ‘ಸಿ’ ಎಂದರೆ ಬಟ್ಟೆ ಹರಿದಂತೆ ಎದುರಾಳಿಯ ಹಿಡಿತ ಕೀಳುವುದು, ‘ಬೆಂಗ್’ ಎಂದರೆ ಸಿಡಿದಂತೆ ಝಾಡಿಸುವುದು, ‘ತೊಂಗ್’ ಎಂದರೆ ಚುಚ್ಚಿದಂತೆ ನೂಕುವುದು. ಹಿಡಿದು ನಿಂತು ಬಲ ಪರೀಕ್ಷಿಸುವುದಲ್ಲ, ಮುಟ್ಟಿದ ಕ್ಷಣದಲ್ಲೇ ಕೆಡವುವುದು. ಬೀಜಿಂಗ್ ಸಾಲಿನವರ ಬಾಯಲ್ಲಿ ಬರುವ ‘ದೆಹೆ’ ಎಂಬ ಕೊಕ್ಕೆಗಾಲಿನ ಪಟ್ಟಿನ ಹೆಸರು ಕೊಕ್ಕೆ ಎಂಬರ್ಥದ ಮಂಚು ಪದ, ದಳದ ಕಾಲದ ಗುರುತು. ಆದರೆ ಪದವೊಂದರಿಂದಲೇ ಸಾಲು ತೀರ್ಮಾನಿಸಬಾರದು. ಸರ್ಕಾರಿ ತರಬೇತಿಯಿಂದ ಈ ಹೆಸರುಗಳು ಎಲ್ಲ ಊರಿಗೂ ಹರಡಿವೆ.

ಕಸರತ್ತಿನ ಸಾಮಾನುಗಳನ್ನೂ ವಿಚಾರಿಸಿ: ಬೀಗದಾಕಾರದ ಕಲ್ಲು, ದಪ್ಪ ಕೋಲು, ಗಿಡ್ಡ ಕೋಲು, ಚರ್ಮದ ಪಟ್ಟಿ, ರಾಟೆ. ಗುರು ಯಾರೆಂದು ಕೇಳಿದರೆ ಎಲ್ಲರೂ ದೊಡ್ಡ ಹೆಸರು ಹೇಳುತ್ತಾರೆ. ಚರ್ಮದ ಪಟ್ಟಿಯಿಂದ ಯಾವ ಪಟ್ಟು ಅಭ್ಯಾಸ ಮಾಡುತ್ತಿದ್ದಿರಿ, ಕೈ ಎಲ್ಲಿ ಇರುತ್ತಿತ್ತು ಎಂದು ಕೇಳಿದರೆ ಕಲಿಸಿದವರ ನೆನಪು ತಾನಾಗಿ ಬರುತ್ತದೆ.

ಕನ್ನಡದ ಪದಗಳ ವಿಷಯ. ‘ಪಟ್ಟು’, ‘ಕಸರತ್ತು’, ‘ಅಖಾಡ’ ಹೊಂದುತ್ತವೆ, ಬಳಸಿ. ಬುಕುವನ್ನು ‘ಜಟ್ಟಿ’ ಎಂದು ಬರೆಯಬೇಡಿ: ಮೈಸೂರಿನ ಜಟ್ಟಿಗಳು ಒಂದು ಸಮುದಾಯ, ಬುಕು ದಂಡಿನ ಒಂದು ಹುದ್ದೆ. ‘ಶಿಫು’ ಎಂಬ ಉಚ್ಚಾರಕ್ಕೆ ಎರಡು ಬರವಣಿಗೆ ಇದೆ. ‘ತಂದೆ’ ಎಂಬ ಅಕ್ಷರ ಸೇರಿದ್ದು ಗುರು, ಇನ್ನೊಂದು ಚಾಲಕ, ಅಡುಗೆಯವರಂಥ ಕಸಬುದಾರರನ್ನೂ ಗೌರವದಿಂದ ಕರೆಯುವ ಮಾತು. ಧ್ವನಿಮುದ್ರಣ ಮಾತ್ರ ಕೈಯಲ್ಲಿದ್ದರೆ ಯಾವುದೆಂದು ಕಿವಿಗೆ ತಿಳಿಯದು, ಬರೆದುಕೊಡಲು ಕೇಳಿ. ಗುರುವಿನ ಹಿರಿಯ, ಕಿರಿಯ ಗುರುಬಂಧುಗಳನ್ನು ಕರೆಯುವ ‘ಶಿಬೋ’, ‘ಶಿಶು’ ಎಂಬ ಚೀನೀ ಮಾತುಗಳಿಗೆ ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಸರಿಯಾಗಿ ಕೂಡುತ್ತವೆ, ಆದರೆ ಮುಂದೆ ‘ಗುರು’ ಸೇರಿಸದಿದ್ದರೆ ರಕ್ತಸಂಬಂಧವಾಗಿ ಓದಿಕೊಳ್ಳುತ್ತದೆ: ಗುರುದೊಡ್ಡಪ್ಪ, ಗುರುಚಿಕ್ಕಪ್ಪ ಎಂದೇ ಬರೆಯಿರಿ.

ಅಚ್ಚಿಗೆ ಕಳುಹಿಸುವ ಹಾಳೆಯಲ್ಲಿ ಪ್ರತಿ ಗೆರೆಗೂ ಒಂದು ಅಕ್ಷರ ಇರಲಿ: ವಿಧಿಯ ಶಿಷ್ಯನಿಗೆ ‘ವಿ’, ತರಗತಿಯವನಿಗೆ ‘ತ’, ದಳದವನಿಗೆ ‘ದ’, ಕೋಚ್‌ಗೆ ‘ಕೋ’, ಗುರುವಿನ ಪರವಾಗಿ ಸೇರಿಸಿಕೊಂಡದ್ದಕ್ಕೆ ‘ಪ’. ಅಕ್ಷರ ಸಿಗದ ಗೆರೆಯನ್ನು ಎಳೆಯದೆ ಜಾಗ ಬಿಡಿ; ಹೆಸರು ಆ ತಲೆಮಾರಿನ ಸಾಲಿನಲ್ಲಿ, ಮೇಲಿನ ಪೆಟ್ಟಿಗೆಗೆ ಅಂಟದೆ, ಹಾಗೇ ನಿಂತಿರಲಿ.