ದೆವ್ವದ ಸಿನಿಮಾ ಯಾಕೆ ನೋಡ್ತೀರಿ ಅಂತ ಕೇಳುವವರಿಗೆ

"ಅಲ್ಲಾ, ಇಷ್ಟೆಲ್ಲ ಒಳ್ಳೇ ಸಿನಿಮಾ ಇರುವಾಗ ನಿಮಗೆ ಈ ದೆವ್ವ-ಭೂತದ್ದೇ ಯಾಕೆ ಬೇಕು?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಕೇಳುವವರು ಬೇರೆ ಬೇರೆ, ಧಾಟಿ ಮಾತ್ರ ಒಂದೇ. ಉತ್ತರ ಶುರು ಮಾಡಿ ಎರಡು ಮಾತು ಆಗುವಷ್ಟರಲ್ಲಿ ಅವರ ಗಮನ ಬೇರೆ ಕಡೆ ಹೋಗಿರುತ್ತದೆ. ಹಾಗಾಗಿ ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

"ಸುಳ್ಳು ಅಂತ ಗೊತ್ತಿದ್ದೂ ಹೇಗೆ ನೋಡ್ತೀರಿ?" ಅಂತ ಕೆಲವರು ಕೇಳುತ್ತಾರೆ. ಪ್ರೇಮಕಥೆ ನೋಡಿ ಕಣ್ಣು ಒರೆಸಿಕೊಳ್ಳುವವರನ್ನು ಯಾರೂ ಹೀಗೆ ಕೇಳಲ್ಲ. ಒಬ್ಬನೇ ಇಪ್ಪತ್ತು ಜನರನ್ನು ಹೊಡೆದುರುಳಿಸುವ ಹೀರೋಗೆ ಶಿಳ್ಳೆ ಹಾಕುವವರನ್ನೂ ಕೇಳಲ್ಲ. ಅಲ್ಲೆಲ್ಲ ಸುಳ್ಳು ನಡೆಯುತ್ತದೆ, ಇಲ್ಲಿ ಮಾತ್ರ ಯಾಕೆ ನಡೆಯಬಾರದು? ಇನ್ನು ಕೆಲವರು ದನಿ ತಗ್ಗಿಸಿ "ಮನಸ್ಸಿಗೆ ಏನಾದ್ರೂ ಬೇಜಾರಾ?" ಅಂತ ವಿಚಾರಿಸುತ್ತಾರೆ. ಇಲ್ಲ. ಚೆನ್ನಾಗಿದ್ದೇನೆ. ನಿದ್ದೆಯೂ ಬರುತ್ತದೆ.

"ಎಲ್ಲಾ ಒಂದೇ ಥರ ಅಲ್ವಾ? ಅದೇ ಹಳೇ ಮನೆ, ಅದೇ ಕೂದಲು ಕೆದರಿದ ಹೆಂಗಸು, ಅದೇ ಮೂಲೆ ನೋಡ್ಕೊಂಡು ಮಾತಾಡೋ ಮಗು." ಇದಕ್ಕೆ ಮಾತ್ರ ಕೂತು ಉತ್ತರ ಕೊಡಬೇಕು ಅನ್ನಿಸುತ್ತದೆ. ಹೌದು, ಅದೇ ಅದೇ ಬರುತ್ತದೆ. ಮನೆಯಲ್ಲಿ ಯಾರಾದರೂ ಒಂದೇ ಮಾತನ್ನು ವರ್ಷಗಟ್ಟಲೆ ಎತ್ತುತ್ತಿದ್ದರೆ ಅದು ಇನ್ನೂ ಬಗೆಹರಿದಿಲ್ಲ ಅಂತ ತಾನೇ? ಸಿನಿಮಾದ ದೆವ್ವಗಳೂ ಹಾಗೆಯೇ. ಬರೀ ಸದ್ದು ಮಾಡಿ ಬೆಚ್ಚಿಬೀಳಿಸುವ ಸಿನಿಮಾಗಳು ರಾಶಿ ರಾಶಿ ಇವೆ, ಅವುಗಳ ಪರವಾಗಿ ವಾದ ಮಾಡುವುದಿಲ್ಲ. ನಾನು ಹೇಳುತ್ತಿರುವುದು ಉಳಿದವುಗಳ ಬಗ್ಗೆ.

ಎಲ್ಲರಿಗೂ ಹೆಸರು ಗೊತ್ತಿರುವ ಗಾಡ್ಜಿಲ್ಲಾವನ್ನೇ ತೆಗೆದುಕೊಳ್ಳಿ. ಕಟ್ಟಡ ಬೀಳಿಸುವ ದೊಡ್ಡ ಹಲ್ಲಿ, ಮಕ್ಕಳ ಆಟ ಅಂತ ನಗುತ್ತಾರೆ. 1954ರ ಮೂಲ ಜಪಾನಿ ಸಿನಿಮಾ ನೋಡಿದವರು ನಗಲ್ಲ. ಆ ವರ್ಷ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯಲ್ಲಿ 23 ಜನ ಇದ್ದರು. ಎಲ್ಲರೂ ಕಾಯಿಲೆ ಬಿದ್ದರು, ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ನವೆಂಬರಿನಲ್ಲಿ ಸಿನಿಮಾ ಬಂತು. ಶುರುವಾಗುವುದೇ ಸಮುದ್ರದಲ್ಲಿ ಒಂದು ದೋಣಿ, ಕಣ್ಣು ಕುಕ್ಕುವ ಬೆಳಕು, ಬೆಂಕಿ. ಅದನ್ನು ನೋಡಿದ ಜಪಾನಿನವರಿಗೆ ಯಾರಾದರೂ ವಿವರಿಸಿ ಹೇಳಬೇಕಿತ್ತಾ? ಅದೇ ಸಿನಿಮಾದಲ್ಲಿ ರೈಲಿನಲ್ಲಿ ಕೂತ ಹೆಂಗಸೊಬ್ಬಳು ನಾಗಸಾಕಿಯಲ್ಲಿ ಹೇಗೋ ಬದುಕಿ ಬಂದೆ, ಈಗ ಇದು ಬೇರೆ ಅನ್ನುತ್ತಾಳೆ. ಆಸ್ಪತ್ರೆಯಲ್ಲಿ ಒಂದು ಮಗುವಿನ ಹತ್ತಿರ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಹಿಡಿದವನು ಸುಮ್ಮನೆ ತಲೆ ಅಲ್ಲಾಡಿಸುತ್ತಾನೆ. ಎರಡು ವರ್ಷದ ನಂತರ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಅಣುಬಾಂಬಿನ ಮಾತುಗಳಲ್ಲಿ ಬಹಳಷ್ಟನ್ನು ಕತ್ತರಿಸಿ, ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರ ಸೇರಿಸಿದರು. ಏನು ಕತ್ತರಿಸಿದರು ಅನ್ನುವುದರಲ್ಲೇ ಯಾರಿಗೆ ಯಾವುದರ ಭಯ ಅಂತ ಗೊತ್ತಾಗುತ್ತದೆ.

ಇದಾದ ಮೇಲೆ ಖಂಡಿತ ಬರುವ ಇನ್ನೊಂದು ಪ್ರಶ್ನೆ: "ದೆವ್ವ ಇದೆ ಅಂತ ಗೊತ್ತಾದ ಮೇಲೆ ಆ ಮನೆ ಬಿಟ್ಟು ಹೋಗಬಾರದಾ?"

ಇದನ್ನು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಒಂದು ಸಂಜೆ 'ಡಾರ್ಕ್ ವಾಟರ್' ನೋಡುತ್ತಿದ್ದೆ. 2002ರ ಜಪಾನಿ ಸಿನಿಮಾ, ನಿರ್ದೇಶಕ ಹಿದೆಯೋ ನಕಾತಾ. ಗಂಡನಿಂದ ಬೇರೆಯಾದ ಒಬ್ಬ ಹೆಂಗಸು, ಅವಳ ಪುಟ್ಟ ಮಗಳು, ಒಂದು ಹಳೇ ಅಪಾರ್ಟ್‌ಮೆಂಟು. ಅಮ್ಮ ಒಣಗಿದ ಬಟ್ಟೆಗಳನ್ನು ಮಡಚಲು ಬಂದು ಪಕ್ಕದಲ್ಲಿ ಕೂತರು. "ಇಂಥದ್ದು ಯಾಕೆ ನೋಡ್ತೀಯೋ" ಅಂತ ಎಂದಿನ ಮಾತು ಹೇಳಿ ಮಡಚತೊಡಗಿದರು.

ತೆರೆಯ ಮೇಲೆ ಮಲಗುವ ಕೋಣೆಯ ಸೂರಿನಲ್ಲಿ ಒದ್ದೆ ಕಲೆ ಮೂಡಿತ್ತು. ಅದು ದಿನದಿನಕ್ಕೆ ದೊಡ್ಡದಾಗುತ್ತದೆ. ಅಂಚು ಕಪ್ಪಗೆ, ನಡುವೆ ಉಬ್ಬಿ, ಒಂದೊಂದೇ ಹನಿ ಹಾಸಿಗೆ ಮೇಲೆ ಬೀಳುತ್ತದೆ. ಅವಳು ಹೋಗಿ ಕಟ್ಟಡ ನೋಡಿಕೊಳ್ಳುವ ಮುದುಕನಿಗೆ ಹೇಳುತ್ತಾಳೆ. ಅವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ಪುಟ್ಟ ಕೆಂಪು ಬ್ಯಾಗು ಸಿಗುತ್ತದೆ. ಎಸೆದರೂ ಮತ್ತೆ ಬರುತ್ತದೆ. ಅಮ್ಮ ಅದಕ್ಕೆಲ್ಲ ಹೆದರಲಿಲ್ಲ, ಕೈ ಕೆಲಸ ನಡೆದೇ ಇತ್ತು.

ಮಗಳು ಯಾರ ಹತ್ತಿರ ಇರಬೇಕು ಅನ್ನುವ ವಿಚಾರಣೆ ಬಂತು. ಗಂಡನ ಕಡೆಯವರು ಅವಳ ಹಳೇ ವಿಷಯ ಎತ್ತುತ್ತಾರೆ. ಹಿಂದೆ ಅವಳಿಗೆ ಹಿಂಸೆಯ ಕಾದಂಬರಿಗಳ ಕರಡು ತಿದ್ದುವ ಕೆಲಸ ಇತ್ತು. ಅದರಿಂದ ಮನಸ್ಸು ಕೆಟ್ಟು ಚಿಕಿತ್ಸೆ ತೆಗೆದುಕೊಂಡಿದ್ದಳು. ಈಗ ಅದೇ ಅವಳ ವಿರುದ್ಧ ಸಾಕ್ಷಿ. ಅಮ್ಮನ ಕೈ ಅಲ್ಲಿಗೆ ನಿಂತಿತು. ಅರ್ಧ ಮಡಚಿದ ಟವೆಲ್ ತೊಡೆ ಮೇಲೆ ಹಾಗೇ ಉಳಿಯಿತು.

"ಇನ್ನು ಇವಳು ಏನು ಹೇಳಿದ್ರೂ ಹುಚ್ಚು ಅಂತಾರೆ, ನೋಡ್ತಿರು" ಅಂದರು.

ದೆವ್ವ ಇನ್ನೂ ಸರಿಯಾಗಿ ಕಾಣಿಸಿಕೊಂಡೇ ಇರಲಿಲ್ಲ. ಅಮ್ಮನಿಗೆ ಆಗಲೇ ಹೆದರಿಕೆ ಶುರುವಾಗಿತ್ತು. ನಾನು ಇಷ್ಟು ವರ್ಷ ಜನರಿಗೆ ಹೇಳಲು ಒದ್ದಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಆ ತಾಯಿ ಮನೆ ಬಿಟ್ಟು ಎಲ್ಲಿಗೆ ಹೋಗಬೇಕು? ಬಿಟ್ಟರೆ ನೆಲೆ ಇಲ್ಲದವಳು ಅಂತ ಮಗಳನ್ನು ಕಿತ್ತುಕೊಳ್ಳುತ್ತಾರೆ. ದೆವ್ವ ಇದೆ ಅಂದರೆ ತಲೆ ಸರಿಯಿಲ್ಲ ಅಂತ ಕಿತ್ತುಕೊಳ್ಳುತ್ತಾರೆ. ಸುಮ್ಮನಿದ್ದರೆ ಸೂರು ಸೋರುತ್ತಲೇ ಇರುತ್ತದೆ. ಇದು ದೆವ್ವದ ಕಥೆಯೇ, ಆದರೆ ದೆವ್ವವನ್ನು ಬಿಟ್ಟರೂ ಭಯ ಒಂದು ಚೂರೂ ಕಡಿಮೆ ಆಗಲ್ಲ.

ಅವತ್ತಿನಿಂದ ನಾನು ಯಾವ ಹಾರರ್ ಸಿನಿಮಾ ನೋಡಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ: ಇಲ್ಲಿ ಯಾರ ಮಾತನ್ನು ಯಾರೂ ನಂಬುತ್ತಿಲ್ಲ? ಹೆಚ್ಚಾಗಿ ಒಬ್ಬ ಹೆಂಗಸು, ಒಂದು ಮಗು, ಅಥವಾ ಆ ಊರಿಗೆ ಬೇಡವಾದ ಒಬ್ಬ ಮನುಷ್ಯ. ಅರ್ಧ ಸಿನಿಮಾ ಅವರು ಹೇಳುತ್ತಲೇ ಇರುತ್ತಾರೆ, ಉಳಿದವರು "ಏನೂ ಇಲ್ಲ, ಮಲಕ್ಕೋ" ಅನ್ನುತ್ತಿರುತ್ತಾರೆ.

2016ರ 'ಅಂಡರ್ ದ ಶ್ಯಾಡೋ' ನೋಡಿ. ಇರಾನ್-ಇರಾಕ್ ಯುದ್ಧದ ಕಾಲದ ಟೆಹ್ರಾನ್. ನಿರ್ದೇಶಕ ಬಾಬಕ್ ಅನ್ವರಿ ಹುಟ್ಟಿದ್ದೂ ಅಲ್ಲೇ. ಹಿಂದೆ ರಾಜಕೀಯದಲ್ಲಿ ತೊಡಗಿದ್ದಳು ಅಂತ ನಾಯಕಿಗೆ ಡಾಕ್ಟರ್ ಓದು ಮುಂದುವರಿಸಲು ಬಿಡುವುದಿಲ್ಲ. ಮೇಲಿನ ಮನೆಗೆ ಒಂದು ಕ್ಷಿಪಣಿ ಬಂದು ನುಗ್ಗುತ್ತದೆ, ಸಿಡಿಯುವುದಿಲ್ಲ. ಅವಳ ಸೂರಿನಲ್ಲಿ ಬಿರುಕು ಬಿಡುತ್ತದೆ. ಅವಳು ಅದಕ್ಕೆ ಟೇಪ್ ಅಂಟಿಸುತ್ತಾಳೆ. ಮತ್ತೆ ಸೂರು, ಮತ್ತೆ ಒಬ್ಬ ತಾಯಿ, ಒಬ್ಬ ಮಗಳು. ಎಲ್ಲಾ ಒಂದೇ ಥರ ಅನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರಾತ್ರಿ ಜಿನ್ ಅನ್ನುವ ದೆವ್ವಕ್ಕೆ ಹೆದರಿ ಮಗಳನ್ನು ಎತ್ತಿಕೊಂಡು ಅವಳು ಬೀದಿಗೆ ಓಡುತ್ತಾಳೆ. ತಲೆ ಮೇಲೆ ಬಟ್ಟೆ ಇಲ್ಲ. ಕಾವಲಿನವರು ಹಿಡಿಯುತ್ತಾರೆ, ನಾಚಿಕೆ ಇಲ್ವಾ ಅಂತ ಬೈಯುತ್ತಾರೆ, ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಮನೆ ಬಿಟ್ಟು ಹೋಗಬಾರದಾ ಅಂತ ಕೇಳಿದಿರಲ್ಲ, ಬಿಟ್ಟು ಹೋದವಳ ಕಥೆ ಇದು.

ಕಾಪಾಡಲು ಬಂದವರಿಗೇ ಹೆದರಬೇಕಾದ ಕಥೆಗಳೂ ಇವೆ. 1968ರಲ್ಲಿ ಬಂದ ಜಾರ್ಜ್ ರೊಮೆರೋನ 'ನೈಟ್ ಆಫ್ ದ ಲಿವಿಂಗ್ ಡೆಡ್'ನಲ್ಲಿ ರಾತ್ರಿಯಿಡೀ ಎದ್ದು ಬಂದ ಶವಗಳ ಜೊತೆ ಹೋರಾಡಿ ಒಬ್ಬನೇ ಒಬ್ಬ ಉಳಿಯುತ್ತಾನೆ. ಅವನು ಕಪ್ಪು ಮನುಷ್ಯ. ಅವನ ಬಣ್ಣದ ಬಗ್ಗೆ ಸಿನಿಮಾದಲ್ಲಿ ಯಾರೂ ಚಕಾರ ಎತ್ತುವುದಿಲ್ಲ. ಬೆಳಗಾಗುತ್ತದೆ, ಬಂದೂಕು ಹಿಡಿದ ಬಿಳಿಯರ ಗುಂಪು ಬರುತ್ತದೆ. ಅವನೂ ಹೆಣವೇ ಅಂದುಕೊಂಡು ಗುಂಡು ಹೊಡೆಯುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾಗಿದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. 49 ವರ್ಷ ಕಳೆದ ಮೇಲೆ, 2017ರಲ್ಲಿ, ಜೋರ್ಡನ್ ಪೀಲ್ 'ಗೆಟ್ ಔಟ್' ಮಾಡಿದ. ಕೊನೆಯಲ್ಲಿ ಕಪ್ಪು ನಾಯಕ ತನ್ನನ್ನು ಹಿಡಿದಿಟ್ಟ ಬಿಳಿಯರ ಮನೆಯಿಂದ ತಪ್ಪಿಸಿಕೊಂಡು ರಸ್ತೆಗೆ ಬಂದಾಗ ಮಿನುಗುವ ದೀಪದ ಕಾರೊಂದು ಬರುತ್ತದೆ. ಅವನು ಕೈ ಮೇಲೆತ್ತುತ್ತಾನೆ. ನೋಡುವವರ ಎದೆ ಧಸಕ್ಕೆನ್ನುವುದು ಆಗ. ಬಂದವನು ಗೆಳೆಯ ಅಂತ ಆಮೇಲೆ ತಿಳಿಯುತ್ತದೆ. ಮೊದಲು ಚಿತ್ರೀಕರಿಸಿದ್ದ ಕೊನೆಯಲ್ಲಿ ಬರುವವರು ಪೊಲೀಸರೇ, ಅವನು ಜೈಲಿಗೆ ಹೋಗುತ್ತಾನೆ. ಪೀಲ್ ಅದನ್ನು ಬದಲಿಸಿದ. ಸಾಮಾನ್ಯವಾಗಿ ಪೊಲೀಸ್ ದೀಪ ಕಂಡರೆ ಅಬ್ಬಾ ಬಚಾವಾದ ಅನ್ನಿಸಬೇಕು, ಅಲ್ವಾ? ಇಲ್ಲಿ ಹಾಗೆ ಅನ್ನಿಸಲ್ಲ. ಯಾಕೆ ಅನ್ನಿಸಲ್ಲ ಅಂತ ಯೋಚನೆ ಮಾಡಿ.

ಹಾಗಾಗಿ ನನ್ನನ್ನು ಕೇಳುವುದಾದರೆ, ಹೆದರಿಕೆ ಆಗಲ್ವಾ ಅಂತ ಕೇಳಬೇಡಿ. ಆಗುತ್ತದೆ, ಜಾಸ್ತಿಯೇ ಆಗುತ್ತದೆ. ಇಲ್ಲಿ ಯಾರಿಗೆ ಹೆದರಿಕೆ, ಅವರು ಯಾರ ಹತ್ತಿರ ಹೇಳಿಕೊಂಡರು, ಅವರು ಏನಂದರು ಅಂತ ಕೇಳಿ. ರಾತ್ರಿಯಿಡೀ ಬೇಕಾದರೂ ಕೂತು ಮಾತಾಡುತ್ತೇನೆ.

'ಡಾರ್ಕ್ ವಾಟರ್' ನೋಡಿದ ಆ ಸಂಜೆ ಅಮ್ಮ ಕೊನೆವರೆಗೂ ಎದ್ದು ಹೋಗಲಿಲ್ಲ. ಆ ಕೆಂಪು ಬ್ಯಾಗು ಹಿಂದೆ ಕಾಣೆಯಾಗಿದ್ದ ಒಬ್ಬ ಹುಡುಗಿಯದು, ಅವಳು ಮಹಡಿ ಮೇಲಿನ ನೀರಿನ ಟ್ಯಾಂಕಿಗೆ ಬಿದ್ದು ಸತ್ತಿದ್ದಳು ಅಂತ ತಿಳಿಯಿತು. ಆ ತಾಯಿ ತನ್ನ ಮಗಳನ್ನು ಉಳಿಸಲು ಸತ್ತ ಹುಡುಗಿಗೆ ಅಮ್ಮನಾಗಿ ಅಲ್ಲೇ ಉಳಿದುಬಿಟ್ಟಳು. ಸಿನಿಮಾ ಮುಗಿಯಿತು, ದೀಪ ಹಾಕಿದೆ. ಅಮ್ಮ ಟವೆಲ್ಲನ್ನು ಪೂರ್ತಿ ಮಡಚಿ ಇಟ್ಟರು. ಇನ್ನೊಂದನ್ನು ಕೈಗೆ ತೆಗೆದುಕೊಂಡರು.

"ಎಷ್ಟು ಸಲ ಹೇಳಿದ್ಲು ಅವಳು, ನೀರು ಸೋರ್ತಿದೆ ಅಂತ" ಅಂದರು. "ಆ ಮುದುಕ ಒಂದು ಸಲ ಮೇಲೆ ಹತ್ತಿ ನೋಡಬಾರದಿತ್ತಾ?"