ಕೊಂಡಿಯೆಂದು ನಂಬಿದ ನಕಲು

ತುಮಕೂರಿನ ಮನೆಯಲ್ಲಿ ಕುಳಿತು, ವಿಂಡೋಸ್‌ನಲ್ಲಿ ಲಿನಕ್ಸ್ ಬಗೆಯ ಆದೇಶಗಳನ್ನು ಕೊಡಲು ಬಳಸುವ ಗಿಟ್ ಬ್ಯಾಷ್‌ನಲ್ಲಿ ‘ಎಲ್‌ಎನ್ -ಎಸ್’ ಎಂಬ ಆದೇಶ ಕೊಟ್ಟು ಸಿಂಬಾಲಿಕ್ ಲಿಂಕ್ (ಇನ್ನೊಂದು ಫೈಲಿನತ್ತ ಬೊಟ್ಟು ಮಾಡುವ ಕೊಂಡಿ) ಮಾಡಿದೆನೆಂದೇ ನಂಬಿದ್ದೆ. ಮೂಲ ಫೈಲನ್ನು ತಿದ್ದಿದ ಮೇಲೂ ಇನ್ನೊಂದರಲ್ಲಿ ಹಳೆಯ ಸಾಲೇ ಉಳಿದಿದ್ದನ್ನು ಕಂಡಾಗ, ಅದು ಲಿಂಕ್ ಅಲ್ಲ, ಬರಿಯ ನಕಲು ಎಂದು ತಿಳಿಯಿತು. ಇಂಥದೇ ಇನ್ನೊಂದು ತಂತ್ರಾಂಶವಾದ ಸಿಗ್‌ವಿನ್ ಹಿಂದೆ ‘ಸಿಸ್ಟಮ್’ ಗುರುತಿನ ಪುಟ್ಟ ಫೈಲಿನಲ್ಲಿ ಗುರಿಯ ವಿಳಾಸವನ್ನು ಬರೆದಿಡುತ್ತಿತ್ತು. ನೋಟ್‌ಪ್ಯಾಡ್‌ಗೆ ಅದು ಲಿಂಕ್ ಎಂಬುದೇ ಗೊತ್ತಾಗುತ್ತಿರಲಿಲ್ಲ. ವಿಂಡೋಸ್‌ಗೆ ವಿಸ್ತಾದ ಕಾಲದಿಂದಲೇ ತನ್ನದೇ ಸಿಂಬಾಲಿಕ್ ಲಿಂಕ್ ಇದೆ, ಆದರೆ ಅದನ್ನು ಮಾಡಲು ಅಡ್ಮಿನ್ ಅಧಿಕಾರ ಬೇಕಿತ್ತು. 2017ರಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಡೆವಲಪರ್ ಮೋಡ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಸಾಕು, ಆ ಅಧಿಕಾರ ಬೇಡ. ಹಾಗೆ ಮಾಡಿ, ಗಿಟ್ ಬ್ಯಾಷ್‌ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ‘ಎಂಸಿಸ್’ ವೇರಿಯಬಲ್‌ಗೆ ‘ವಿನ್‌ಸಿಮ್‌ಲಿಂಕ್ಸ್:ನೇಟಿವ್‌ಸ್ಟ್ರಿಕ್ಟ್’ ಎಂದು ಕೊಟ್ಟೆ. ಇನ್ನು ಲಿಂಕ್ ಆಗದಿದ್ದರೆ ಸದ್ದಿಲ್ಲದೆ ನಕಲು ಮಾಡುವ ಬದಲು ಎರರ್ ತೋರಿಸುತ್ತದೆ, ನನಗೆ ಬೇಕಾದದ್ದೂ ಅದೇ. ಈಗ ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್’ ಕೊಟ್ಟರೆ ಲಿಂಕಿನ ಹೆಸರಿನ ನಂತರ ಗುರಿಯತ್ತ ತೋರುವ ಬಾಣದ ಗುರುತು ಕಾಣುತ್ತಿದೆ.